ಮುರಕಲ್ಲಿನ ಮೇಲೆ ನೀಲಿ: ಸೋಣ ತಿಂಗಳ ನಾಲ್ಕು ದಿನ

ಮೊದಲ ದಿನ: ಪೊಸಡಿ ಗುಂಪೆ

ಮಂಗಳೂರಿನಿಂದ ಹೊರಟಾಗ ಬೆಳಗಿನ ಆರೂವರೆ ಗಂಟೆ. ಆಟಿ ತಿಂಗಳ ಜಡಿಮಳೆ ಮುಗಿದು ಸೋಣ ಕಾಲಿಟ್ಟಿತ್ತು. ಮೂರು ದಿನಗಳಿಂದ ಮಳೆ ಹಗಲಿಗೆ ಬಿಡುವು ಕೊಟ್ಟು ರಾತ್ರಿ ಮಾತ್ರ ಬರುತ್ತಿತ್ತು. ತುಳುವರ ಸೋಣ, ಮಲಯಾಳಿಗಳ ಚಿಂಙಂ, ಪಂಚಾಂಗದ ಸಿಂಹಮಾಸ ಇವೆಲ್ಲವೂ ಒಂದೇ ತಿಂಗಳು, ಮತ್ತು ಈ ತಿಂಗಳಲ್ಲಿ ನಮ್ಮ ಕರಾವಳಿಯ ಎಲ್ಲ ಮನೆಗಳಿಗೂ ಹೂ ಬೇಕು. ನಮ್ಮ ಅಮ್ಮ ತಿಂಗಳಿಡೀ ಹೊಸ್ತಿಲು ಪೂಜೆ ಮಾಡುತ್ತಾರೆ. ನೆರೆಯ ಕೊಂಕಣಿಯವರ ಮನೆಯಲ್ಲಿ ಶ್ರಾವಣದ ಶುಕ್ರವಾರ ಮತ್ತು ಭಾನುವಾರಗಳಂದು ಗರಿಕೆಯ ಜೊತೆ ಬಗೆಬಗೆಯ ಹೂಗಳನ್ನು ಬಾಳೆನಾರಿನಲ್ಲಿ ಬಿಗಿದು ಚೂಡಿ ಕಟ್ಟುತ್ತಾರೆ. ಕ್ರೈಸ್ತರ ಮಕ್ಕಳು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಪುಟ್ಟ ಬುಟ್ಟಿಗಳಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ಹೋಗುತ್ತಾರೆ. ಚಂದ್ರಗಿರಿ ಹೊಳೆಯಾಚೆ ಓಣಂ ಹಬ್ಬದ ಹೂವಿನ ರಂಗೋಲಿ. ನಾನು ಚಿಕ್ಕವನಿದ್ದಾಗ ಈ ಹೂಗಳಲ್ಲಿ ಅರ್ಧಪಾಲು ಸಿಗುತ್ತಿದ್ದದ್ದು ಮನೆಯ ಹಿಂದಿನ ಪದವಿನಲ್ಲಿ.

ಪದವು ಎಂದರೆ ನೆತ್ತಿ ಚಪ್ಪಟೆಯಾದ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡ. ಮಂಗಳೂರಿನಲ್ಲಿ ಈಗ ಪದವಿನಂಗಡಿ, ನಂತೂರು ಪದವು ಎಂಬ ಹೆಸರುಗಳು ಉಳಿದಿವೆ. ಆ ಹೆಸರುಗಳ ಕೆಳಗೆ ಪದವು ಉಳಿದಿಲ್ಲ. ವಿಮಾನ ಇಳಿಯುವ ಬಜ್ಪೆಯ ನಿಲ್ದಾಣ ಇರುವುದೂ ಇಂಥದೇ ಒಂದು ಗುಡ್ಡದ ನೆತ್ತಿಯ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪದವಿನ ತಗ್ಗುಗಳಲ್ಲಿ ನೆಲವೇ ಕಾಣದಂತೆ ಒಂದು ನೀಲಿ ಹೂ ಅರಳುತ್ತಿತ್ತು. ಅಜ್ಜಿ ಅದನ್ನು ‘ಪದವಿನ ನೀಲಿ’ ಎಂದಷ್ಟೇ ಕರೆಯುತ್ತಿದ್ದರು. ಸಸ್ಯಶಾಸ್ತ್ರದಲ್ಲಿ ಅದು ಯುಟ್ರಿಕ್ಯುಲೇರಿಯಾ ಕುಲಕ್ಕೆ ಸೇರಿದ ಗಿಡವೆಂದು ನಾನು ತಿಳಿದುಕೊಂಡದ್ದು ಕಾಲೇಜಿನಲ್ಲಿ. ಅಷ್ಟರಲ್ಲಿ ಮನೆಯ ಹಿಂದಿನ ಪದವು ನಿವೇಶನಗಳಾಗಿ ಹಂಚಿಹೋಗಿತ್ತು. ಈ ವರ್ಷ ನಾಲ್ಕು ದಿನ ರಜೆ ಹಾಕಿ, ಆ ಹೂವು ಇನ್ನೂ ಇರುವ ಜಾಗಗಳನ್ನು ಕಾಣುವುದಕ್ಕೆಂದೇ ಹೊರಟೆ.

ಕೊಣಾಜೆ, ಮುಡಿಪು ದಾಟಿ, ರಾಜ್ಯದ ಗಡಿ ದಾಟಿ, ಬಾಯಾರು ಮಾರ್ಗವಾಗಿ ಪೊಸಡಿ ಗುಂಪೆಯ ಬುಡ ತಲುಪಿದಾಗ ಮಾವ ಆಗಲೇ ಬಂದು ಕಾಯುತ್ತಿದ್ದರು. ಮಾವ ಎಂದರೆ ನನ್ನ ಸೋದರಮಾವ. ಪೆರ್ಲದ ಹತ್ತಿರ ಅಡಿಕೆ ತೋಟ, ಜೊತೆಗೆ ಒಂದಿಷ್ಟು ತುಡುವೆ ಜೇನಿನ ಪೆಟ್ಟಿಗೆಗಳು. ಎಪ್ಪತ್ತು ದಾಟಿದ ಅವರ ಕೈಯಲ್ಲಿ ಒಂದು ಛತ್ರಿ, ಅಂಗಿಯ ಕಿಸೆಯಲ್ಲಿ ಶಾಲೆಯ ಮಕ್ಕಳ ಸ್ಟೀಲಿನ ಸ್ಕೇಲು. ಸ್ಕೇಲು ಏತಕ್ಕೆಂದು ಕೇಳಿದೆ. “ನೀರು ಅಳೆಯಲಿಕ್ಕೆ ಮಾರಾಯ. ಮತ್ತೆ ಹೇಳ್ತೇನೆ” ಎಂದು ಮುಂದೆ ನಡೆದರು.

ಪೊಸಡಿ ಗುಂಪೆ ಕಾಸರಗೋಡು ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ 1,060 ಅಡಿ ಎತ್ತರದ ಗುಡ್ಡ. ಏರುವ ದಾರಿಯ ಎರಡೂ ಬದಿಗೆ ಕೇಪುಳ, ಕುಂಟಲ ಪೊದೆಗಳು, ಎದೆಯೆತ್ತರ ಬೆಳೆದ ಮುಳಿಹುಲ್ಲು. ಮೇಲೆ ಹೋದಂತೆ ಪೊದೆಗಳು ಕುಳ್ಳಾಗಿ, ಹುಲ್ಲು ತೆಳ್ಳಗಾಗಿ, ಕೊನೆಗೆ ಕಾಲ ಕೆಳಗೆ ಕಪ್ಪುಗೆಂಪಿನ ಬರಿಯ ಕಲ್ಲು ಸಿಗುತ್ತದೆ. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವರು ಫ್ರಾನ್ಸಿಸ್ ಬುಕಾನನ್; 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಬರಹದಲ್ಲಿ, ಮಲಪ್ಪುರಂ ಜಿಲ್ಲೆಯ ಅಂಗಡಿಪುರದಲ್ಲಿ ಕಂಡದ್ದನ್ನು ಅವರು ವಿವರಿಸಿದರು. ನೆಲದಿಂದ ಎತ್ತುವಾಗ ಕತ್ತಿಯಲ್ಲಿ ಕೊಯ್ಯುವಷ್ಟು ಮೆತ್ತಗಿರುವ ಇದು ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲು ಸರದಿಯಂತೆ ಬಿದ್ದು, ನೀರಿನಲ್ಲಿ ಕರಗುವ ಸತ್ವವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ಉಳಿದು ಆದ ಕಲ್ಲು ಇದು. ಅಂದರೆ ಗಿಡಕ್ಕೆ ಬೇಕಾದ ಸಾರಜನಕವೂ ರಂಜಕವೂ ಇಲ್ಲಿ ಬಹಳ ಕಡಿಮೆ. ಕಲ್ಲಿನ ಮೇಲಿರುವ ಮಣ್ಣು ಕೆಲವೆಡೆ ಎರಡು ಬೆರಳಿನಷ್ಟು, ಕೆಲವೆಡೆ ಅದೂ ಇಲ್ಲ.

ನೆತ್ತಿಯ ತಗ್ಗಿನಲ್ಲಿ ಆ ಬಣ್ಣ ಕಂಡಿತು. ದೂರದಿಂದ ಅದು ಹೂವೆಂದೇ ತಿಳಿಯುವುದಿಲ್ಲ. ಆಕಾಶದ ಒಂದು ತುಂಡು ನೀರಿನಲ್ಲಿ ಪ್ರತಿಫಲಿಸಿದಂತಿರುತ್ತದೆ. ಹತ್ತಿರ ಹೋದಾಗ ಗೇಣುದ್ದದ ದಾರದಂಥ ದಂಟುಗಳು, ಪಕ್ಕದ ಹುಲ್ಲಿಗೆ ಸುತ್ತಿಕೊಂಡು ನಿಂತವು, ತುದಿಯಲ್ಲಿ ಒಂದೆರಡು ನೀಲಿ ಹೂಗಳು. ನಾನು ಚಪ್ಪಲಿ ಬಿಚ್ಚಿ, ಮಂಡಿಯೂರಿ ಮಸೂರ ಹಿಡಿದೆ. ಹೂವಿಗೆ ಮೇಲೊಂದು ಕೆಳಗೊಂದು ತುಟಿ. ಕೆಳತುಟಿ ಅಗಲವಾಗಿ, ನಡುವೆ ಬೆಳ್ಳಗೆ ಉಬ್ಬಿಕೊಂಡಿದೆ. ಆ ಬಿಳುಪಿನ ಮೇಲೆ ನೇರಳೆ ಗೆರೆಗಳು ಬಲೆಯಂತೆ ಹೆಣೆದಿವೆ. ಯುಟ್ರಿಕ್ಯುಲೇರಿಯಾ ರೆಟಿಕ್ಯುಲೇಟಾ ಎಂಬ ಹೆಸರಿನ ಎರಡನೆಯ ಪದ ಈ ಬಲೆಯಿಂದಲೇ ಬಂದದ್ದು. ಹೂವಿನ ಹಿಂದೆ, ಬಾಲದಂತೆ ಕೆಳಗೆ ಇಳಿದ ಒಂದು ಮೊನಚಾದ ಕೊಳವೆ, ಮಕರಂದ ಇರುವುದು ಅಲ್ಲಿ. ಕೆಳತುಟಿಯ ಉಬ್ಬು ಬಾಗಿಲಿನಂತೆ ಗಂಟಲನ್ನು ಮುಚ್ಚಿಕೊಂಡಿರುತ್ತದೆ.

ಬಾಗಿಲು ತೆರೆಯುವುದನ್ನು ನೋಡಲು ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಒಂದು ತುಡುವೆ ಜೇನು ಬಂದು ಕೆಳತುಟಿಯ ಮೇಲೆ ಕುಳಿತಿತು. ಅದರ ಭಾರಕ್ಕೆ ಇಡೀ ದಂಟೇ ಬಾಗಿತು, ಕೆಳತುಟಿ ತಗ್ಗಿತು, ಹುಳ ತಲೆಯನ್ನು ಒಳಕ್ಕೆ ತೂರಿಸಿ ನಾಲಗೆಯನ್ನು ಹಿಂದಿನ ಕೊಳವೆಯವರೆಗೆ ಚಾಚಿತು. ಹೂವಿನ ಒಳಮಾಳಿಗೆಯಲ್ಲಿ ಎರಡೇ ಎರಡು ಕೇಸರಗಳಿರುತ್ತವೆ. ಹುಳದ ನೆತ್ತಿ ಅದಕ್ಕೆ ಒತ್ತಿ ಪರಾಗ ಅಂಟುತ್ತದೆ. ಎರಡು ಮೂರು ಕ್ಷಣಗಳಲ್ಲಿ ಹುಳ ಹಿಂದೆ ಸರಿದು ಪಕ್ಕದ ಹೂವಿಗೆ ಹಾರಿತು. ಬಾಗಿದ ದಂಟು ಮೇಲೆದ್ದು ಸ್ವಲ್ಪ ಹೊತ್ತು ತೂಗಿ ನಿಂತಿತು.

“ನಿಮ್ಮ ಪೆಟ್ಟಿಗೆಯ ಹುಳಗಳು ಇಲ್ಲಿಯವರೆಗೆ ಬರ್ತಾವಾ ಮಾವ?” ಎಂದು ಕೇಳಿದೆ.

“ಇಲ್ಲಿಗೆ ಇಲ್ಲ. ತುಡುವೆ ಒಂದು, ಒಂದೂವರೆ ಕಿಲೋಮೀಟರಿನೊಳಗೆ ತಿರುಗುವ ಹುಳ. ಇದು ಕಾಡಿನದ್ದು, ಯಾವುದೋ ಮರದ ಪೊಟರೆಯದ್ದು. ನನ್ನವು ಹೋಗುವ ಪಾರೆ ಬೇರೆ ಉಂಟು. ನಾಳೆ ತೋರಿಸ್ತೇನೆ.”

ಪಾರೆ ಎಂದರೆ ಇಂಥದೇ ಬರಿಗಲ್ಲಿನ ಹಾಸು. ಹೇಳುತ್ತಲೇ ಅವರು ಬಗ್ಗಿ ಸ್ಕೇಲನ್ನು ನೀರಿನಲ್ಲಿ ನಿಲ್ಲಿಸಿದರು. ಹೂವಿನ ಬುಡದಲ್ಲಿ ನೀರು ಎರಡು ಸೆಂಟಿಮೀಟರು. ತಗ್ಗಿನ ನಡುವೆ, ಹೂವಿಲ್ಲದ ಕಡೆ, ಹನ್ನೊಂದು. ಅಂಚಿನಲ್ಲಿ, ಬರಿ ತೇವ ಇರುವ ಕಡೆ, ಹೂಗಳು ಮತ್ತೂ ಒತ್ತಾಗಿದ್ದವು. ಹೊಳೆ, ಕೆರೆಗಳನ್ನು ಅಳೆದು ಅಭ್ಯಾಸವಿರುವ ನಮಗೆ ಇದು ನೀರೆಂದೇ ಲೆಕ್ಕಕ್ಕೆ ಬರುವುದಿಲ್ಲ. ಈ ಗಿಡಕ್ಕಾದರೋ ಎರಡೂವರೆ ಮೂರು ತಿಂಗಳ ಇಡೀ ಬಾಳುವೆ ಈ ಎರಡು ಸೆಂಟಿಮೀಟರಿನಲ್ಲೇ ಆಗಬೇಕು.

ಎರಡನೆಯ ದಿನ: ಪೆರ್ಲದ ಪಾರೆ

ರಾತ್ರಿ ಮಾವನ ಮನೆಯಲ್ಲಿ ಉಳಿದುಕೊಂಡೆ. ಬೆಳಿಗ್ಗೆ ಎದ್ದಾಗ ಮಾವ ಜೇನುಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಇಡುತ್ತಿದ್ದರು. ಜನವರಿಯಿಂದ ಏಪ್ರಿಲ್‌ವರೆಗೆ ಜೇನಿನ ಸುಗ್ಗಿ. ಮಳೆಗಾಲ ಹುಳಗಳಿಗೆ ಬರಗಾಲ. ಹೊರಗೆ ಹೋಗಲು ಮಳೆ ಬಿಡುವುದಿಲ್ಲ, ಹೋದರೂ ಹೂಗಳಲ್ಲಿ ಸಿಗುವುದು ಕಡಿಮೆ. ಸಾಕುವವರು ಪಾಕ ಕೊಟ್ಟು ಕುಟುಂಬಗಳನ್ನು ಉಳಿಸಿಕೊಳ್ಳುತ್ತಾರೆ, ಆದರೆ ಪಾಕದಲ್ಲಿ ಪರಾಗವಿಲ್ಲ. ಮರಿಗಳನ್ನು ಬೆಳೆಸಲು ಪರಾಗವೇ ಬೇಕು. ಸೋಣದಲ್ಲಿ ಪಾರೆಯ ಹೂ ಬಿಟ್ಟ ಮೇಲೆ ಎರಿಗಳ ಬಣ್ಣವೇ ಬದಲಾಗುತ್ತದೆಂದು ಮಾವ ಒಂದು ಚೌಕಟ್ಟನ್ನು ಎತ್ತಿ ತೋರಿಸಿದರು. ಕೆಲವು ಕಣ್ಣುಗಳಲ್ಲಿ ಹೊಸ ಪರಾಗ ತುಂಬಿತ್ತು. ಅದು ಯಾವ ಹೂವಿನದೆಂದು ಬರಿಗಣ್ಣಿನಲ್ಲಿ ಹೇಳಲು ಬಾರದು. ಪಾರೆಯಲ್ಲಿ ಈ ಹೊತ್ತಿಗೆ ನೀಲಿಯೊಂದೇ ಅಲ್ಲ, ಹತ್ತಾರು ಬಗೆ ಇರುತ್ತವೆ. ಆದರೆ ಹುಳಗಳು ಪೆಟ್ಟಿಗೆಯಿಂದ ಎದ್ದು ಹಾರುತ್ತಿದ್ದದ್ದು ಮನೆಯ ಮೇಲಿನ ಪಾರೆಯ ದಿಕ್ಕಿಗೇ ಎಂಬುದನ್ನು ನಾನೇ ಅರ್ಧ ಗಂಟೆ ಕುಳಿತು ನೋಡಿದೆ.

ಈ ಊರುಗಳಲ್ಲಿ ಜೇನುಹುಳದ ಮಾತೆತ್ತಿದರೆ ಎಂಡೋಸಲ್ಫಾನಿನ ಮಾತು ಬಾರದೆ ಇರುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದರು. ಗೇರು ತೋಟಗಳಿದ್ದದ್ದು ಗುಡ್ಡಗಳ ಮೇಲೆ, ಮನೆ ಬಾವಿಗಳಿದ್ದದ್ದು ಗುಡ್ಡಗಳ ಬುಡದಲ್ಲಿ. ಹುಟ್ಟಿದ ಮಕ್ಕಳ ಮೇಲೆ ಅದು ಏನು ಮಾಡಿತೆಂಬುದನ್ನು ದೇಶ ಆಮೇಲೆ ನೋಡಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಮನುಷ್ಯರಿಗಿಂತ ಮೊದಲು ಸತ್ತದ್ದು ಹುಳಗಳು. ಮಾವನ ಆಗಿನ ಪೆಟ್ಟಿಗೆಗಳೆಲ್ಲ ಬರಿದಾಗಿದ್ದವು. ಮತ್ತೆ ಜೇನು ಕೂರಿಸಲು ಅವರಿಗೆ ಧೈರ್ಯ ಬಂದದ್ದು ಸಿಂಪಡಣೆ ನಿಂತು ಕೆಲವು ವರ್ಷಗಳಾದ ಮೇಲೆ. ಅದನ್ನು ಹೇಳುವಾಗ ಅವರು ದನಿ ಏರಿಸಲಿಲ್ಲ, ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲನೆ ಮುಚ್ಚಿದರು.

ಮನೆಯ ಮೇಲಿನ ಪಾರೆಗೆ ಹತ್ತು ನಿಮಿಷದ ನಡಿಗೆ. ಇಲ್ಲಿ ಕನ್ನಡದಲ್ಲೂ ಪಾರೆ ಎಂದೇ ಹೇಳುತ್ತಾರೆ, ತುಳುವಿನಲ್ಲಿ ಪಾದೆ. ಪೊಸಡಿ ಗುಂಪೆಗಿಂತ ಈ ಜಾಗ ಚಿಕ್ಕದು, ಎಂಟು ಹತ್ತು ಎಕರೆ ಇರಬಹುದು, ಆದರೆ ಹೂ ಅಲ್ಲಿಗಿಂತ ದಟ್ಟವಾಗಿತ್ತು. ನೀಲಿಯ ನಡುನಡುವೆ ಬಿಳಿ ಗುಂಡಿಯಂಥ ತಲೆಯ ಎರಿಯೊಕಾಲಾನ್‌ಗಳು, ತೇವದ ಅಂಚಿನಲ್ಲಿ ಅಂಟುಹನಿಗಳನ್ನು ಹೊತ್ತ ಡ್ರಾಸೆರಾ. ಡ್ರಾಸೆರಾ ಎಲೆಯ ಮೇಲೆ ಹುಳ ಹಿಡಿಯುವುದನ್ನು ಎಲ್ಲರೂ ನೋಡಬಹುದು. ಪದವಿನ ನೀಲಿಯೂ ಬೇಟೆಯಾಡುವ ಗಿಡವೇ. ಅದರ ಬೇಟೆ ಮಾತ್ರ ನೆಲದೊಳಗೆ ನಡೆಯುತ್ತದೆ.

ದನವೊಂದು ಕಾಲಿಟ್ಟು ಎಬ್ಬಿಸಿದ ಹೆಂಟೆಯೊಂದು ನೀರಿನಂಚಿನಲ್ಲಿ ಬಿದ್ದಿತ್ತು. ಅದರಲ್ಲಿದ್ದ ಒಂದು ಗಿಡವನ್ನು ಬುತ್ತಿಯ ಮುಚ್ಚಳದಲ್ಲಿ ನೀರು ಹಾಕಿ ತೇಲಿಬಿಟ್ಟೆ. ಮಣ್ಣು ಕರಗಿದಂತೆ ಬಿಳಿಯ ಕೂದಲಿನಂಥ ಎಳೆಗಳು ಬಿಡಿಸಿಕೊಂಡವು. ಅವು ಬೇರುಗಳಲ್ಲ, ಈ ಗಿಡಕ್ಕೆ ಬೇರೇ ಇಲ್ಲ. ಎಳೆಗಳ ಉದ್ದಕ್ಕೂ ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕದಾದ, ಗಾಜಿನಂತೆ ಪಾರದರ್ಶಕವಾದ ಚೀಲಗಳು. ಲ್ಯಾಟಿನ್ನಿನಲ್ಲಿ ಯುಟ್ರಿಕ್ಯುಲಸ್ ಎಂದರೆ ಚಿಕ್ಕ ಚೀಲ. ಚೀಲಕ್ಕೊಂದು ಬಾಗಿಲು, ಬಾಗಿಲ ಬಳಿ ಸೂಕ್ಷ್ಮ ಕೂದಲುಗಳು. ಗಿಡ ಒಳಗಿನ ನೀರನ್ನು ಹೊರಗೆ ದಬ್ಬಿ ಚೀಲವನ್ನು ಹಿಂಡಿದ ಸ್ಥಿತಿಯಲ್ಲಿ ಇಟ್ಟುಕೊಂಡಿರುತ್ತದೆ. ತೇವದ ಮಣ್ಣಿನಲ್ಲಿ ಈಜುವ ಸೂಕ್ಷ್ಮಜೀವಿಯೊಂದು ಆ ಕೂದಲನ್ನು ತಾಗಿದರೆ ಬಾಗಿಲು ಒಳಕ್ಕೆ ಮಡಚಿ, ನೀರು ಬೇಟೆಯ ಸಮೇತ ಒಳನುಗ್ಗಿ, ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಒಳಕ್ಕೆ ಸೆಳೆದುಕೊಳ್ಳಲು ಹಿಡಿಯುವ ಸಮಯ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. 1875ರಲ್ಲಿ ಕೀಟಾಹಾರಿ ಸಸ್ಯಗಳ ಕುರಿತು ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ ಕೂಡ ಜೀವಿಗಳು ತಾವೇ ಬಾಗಿಲು ತಳ್ಳಿಕೊಂಡು ಒಳಹೋಗುತ್ತವೆ ಎಂದು ತಿಳಿದಿದ್ದರು. ಚೀಲ ಹೀರಿಕೊಳ್ಳುತ್ತದೆಂಬುದು ಗೊತ್ತಾದದ್ದು ಆಮೇಲೆ.

ನೆಲದಡಿಯ ಬೇಟೆಗೂ ನೆಲದ ಮೇಲಿನ ಹೂವಿಗೂ ನಡುವೆ ಗೇಣುದ್ದದ ದಂಟು ಇದೆ. ಕೆಳಗೆ ಹಿಡಿಯುವುದು ಕಣ್ಣಿಗೆ ಕಾಣದ ಜೀವಿಗಳನ್ನು, ಮೇಲೆ ಕರೆಯುವುದು ಜೇನನ್ನು, ಚಿಟ್ಟೆಯನ್ನು. ಕಲ್ಲು ಕೊಡಲಾರದ ಸಾರಜನಕವನ್ನು ಚೀಲದಿಂದ ಪಡೆದು, ಆ ಸತ್ವದಲ್ಲಿ ಹೂ ಬಿಟ್ಟು, ಹಸಿದ ಕಾಲದಲ್ಲಿ ಜೇನಿಗೆ ಉಣ್ಣಿಸುವ ಈ ಗಿಡದ ವ್ಯವಹಾರವನ್ನು ನೋಡಿದಷ್ಟೂ ನನಗೆ ಅದರ ಮೇಲೆ ಗೌರವ ಹೆಚ್ಚುತ್ತದೆ. ಮುಚ್ಚಳದ ನೀರನ್ನೂ ಗಿಡವನ್ನೂ ಅದೇ ಜಾಗಕ್ಕೆ ಬಿಟ್ಟು, ಹೆಂಟೆಯನ್ನು ಒತ್ತಿ ಕೂರಿಸಿದೆ.

ಪಾರೆಯ ಆಚೆ ಬದಿಗೆ ಹೋದಾಗ ಸ್ಕೇಲಿನ ಸಂಗತಿ ತಿಳಿಯಿತು. ಪಕ್ಕದ ಗುಡ್ಡದಲ್ಲಿ ಕೆಂಪುಕಲ್ಲಿನ ಕೋರೆ ನಡೆಯುತ್ತಿತ್ತು; ಯಂತ್ರದ ಗರಗಸ ತಿರುಗುವ ಸದ್ದು ಕಣಿವೆಯಲ್ಲಿ ಮಾರ್ದನಿಗೊಡುತ್ತಿತ್ತು. ಕೆತ್ತಿ ಮುಗಿದ ಭಾಗದಲ್ಲಿ ಆಳದ ಚೌಕ ಹೊಂಡಗಳು, ಅವುಗಳಲ್ಲಿ ಕೆಂಪು ನೀರು. ಆ ಹೊಂಡದಲ್ಲಿ ನೀರು ಬೇಕಾದಷ್ಟಿದೆ, ಎರಡಾಳು ಮುಳುಗುವಷ್ಟು. ಎರಡು ಸೆಂಟಿಮೀಟರು ನೀರಿನ ಜಾಗ ಮಾತ್ರ ಇಲ್ಲ. ಮನೆ ಕಟ್ಟಲು ಕಲ್ಲು ಬೇಕು, ಅದು ನನಗೂ ಗೊತ್ತು, ನಾನು ಹುಟ್ಟಿದ ಮನೆಯ ಗೋಡೆಯೂ ಇದೇ ಕಲ್ಲಿನದು. ಆದರೆ ಯಾವ ಗುಡ್ಡದಿಂದ ತೆಗೆಯಬಹುದು, ಯಾವುದನ್ನು ಬಿಡಬೇಕು ಎಂದು ನೋಡುವಾಗ ಪಾರೆಯನ್ನು ಏನೂ ಬೆಳೆಯದ ನೆಲವೆಂದೇ ಎಣಿಸುತ್ತಾರೆ. ಏಪ್ರಿಲಿನಲ್ಲಿ ಬಂದು ನೋಡಿದವರಿಗೆ ಅದು ನಿಜವಾಗಿಯೇ ಬರಿಯ ಕಲ್ಲು. ಮಾವನ ಪಾರೆಗೂ ಕೋರೆಯ ಮಾತು ಬಂದಿದೆಯಂತೆ. ಪಂಚಾಯತಿಗೆ ಒಂದು ಅರ್ಜಿ ಕೊಡಬೇಕೆಂದು ಅವರ ಯೋಚನೆ. ಜೂನ್ ಕೊನೆಯಿಂದ ವಾರಕ್ಕೆರಡು ಸಲ ಬಂದು ಒಂಬತ್ತು ಜಾಗಗಳಲ್ಲಿ ನೀರಿನ ಆಳ ಬರೆದಿಟ್ಟಿದ್ದಾರೆ.

“ಕೆಳಗೆ ನನ್ನ ಸುರಂಗದಲ್ಲಿ ಬೇಸಿಗೆಯಲ್ಲೂ ನೀರು ಬರುವುದು ಯಾಕೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ನಿಂತ ನೀರಲ್ವಾ ಬಿರುಕಿನಲ್ಲಿ ಇಳಿಯುವುದು” ಎಂದರು. ಈ ಭಾಗದಲ್ಲಿ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದಲೇ ಎಷ್ಟೋ ತೋಟಗಳು ಬದುಕಿವೆ. ಪಾರೆಯ ನೀರು ಮೇಲೆ ಹೂವಾಗುತ್ತದೆ, ಕೆಳಗೆ ಅಡಿಕೆಯಾಗುತ್ತದೆ.

ಸಂಜೆ ಕುಂಬಳೆಯ ಹತ್ತಿರದ ಅನಂತಪುರಕ್ಕೆ ಹೋಗಿಬಂದೆವು. ಮುರಕಲ್ಲನ್ನು ತೋಡಿದ ಸರೋವರದ ನಡುವಿನ ದೇವಸ್ಥಾನ ಅದು. ಅಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ಊರಿಗೆ ಊರೇ ಬಂದು ನಿಂತಿತ್ತೆಂದು ಮಾವ ಹೇಳಿದರು. ಸುತ್ತಲಿನ ಗುಡ್ಡದಲ್ಲಿ ನೀಲಿ ಇತ್ತು, ಆದರೆ ಕತ್ತಲಾಗುತ್ತ ಬಂದಿದ್ದರಿಂದ ಹೆಚ್ಚು ನೋಡಲಾಗಲಿಲ್ಲ.

ಮೂರನೆಯ ದಿನ: ಮಾಡಾಯಿಪಾರ

ಕಾಸರಗೋಡಿನಿಂದ ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದೆವು. ನಿಲ್ದಾಣ ಬಿಟ್ಟ ಸ್ವಲ್ಪದರಲ್ಲೇ ಚಂದ್ರಗಿರಿ ಹೊಳೆ. ಹಳಬರ ಲೆಕ್ಕದಲ್ಲಿ ತುಳುನಾಡು ಇಲ್ಲಿಗೆ ಮುಗಿಯಿತು. ಕಾಞಂಗಾಡು, ನೀಲೇಶ್ವರ, ಪಯ್ಯನ್ನೂರು ದಾಟಿ ಪಳಯಂಗಾಡಿಯಲ್ಲಿ ಇಳಿದು ರಿಕ್ಷಾ ಹತ್ತಿದೆವು. ಓಣಂ ಹಬ್ಬಕ್ಕೆ ಐದು ದಿನ ಉಳಿದಿತ್ತು.

ಕಣ್ಣೂರು ಜಿಲ್ಲೆಯ ಮಾಡಾಯಿಪಾರ ಎತ್ತರದ ಗುಡ್ಡವಲ್ಲ. ಆದರೆ ಅದರ ನೆತ್ತಿಯ ಮೇಲೆ ಕಾಲಿಟ್ಟ ಕೂಡಲೇ ಆಕಾಶ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ನೂರಾರು ಎಕರೆಯ ಮಟ್ಟಸ ನೆಲ, ಒಂದು ಬದಿಗೆ ಏಳಿಮಲೆಯ ಸಾಲು, ಪಶ್ಚಿಮಕ್ಕೆ ಸಮುದ್ರದ ಬೂದುಬಣ್ಣ. ಕೋಲತ್ತಿರಿ ಅರಸರ ಕುಲದೇವತೆಯಾದ ಭಗವತಿಯ ಮಾಡಾಯಿಕಾವು ಇಲ್ಲಿಯೇ ಇದೆ, ಹಳೆಯ ಕೋಟೆಯ ಕುರುಹುಗಳಿವೆ, ವಡುಕುಂದ ಶಿವದೇವಸ್ಥಾನದ ಪಕ್ಕದಲ್ಲಿ ಪಾರೆಯ ನಡುವೆಯೇ ಒಂದು ಕೆರೆಯಿದೆ, ಹಿಂದೆ ಇಲ್ಲಿ ನೆಲಸಿದ್ದ ಯಹೂದಿಗಳು ಕಟ್ಟಿದರೆಂದು ನಂಬುವ ಕೊಳವೂ ಇದೆ. ಇವೆಲ್ಲವನ್ನೂ ನಾನು ಅವಸರದಲ್ಲಿ ನೋಡಿದೆ, ಏಕೆಂದರೆ ನಡುವೆ ಇದ್ದದ್ದು ನೀಲಿ.

ಪೊಸಡಿ ಗುಂಪೆಯಲ್ಲಿ ತಗ್ಗುಗಳಲ್ಲಷ್ಟೇ ಕಂಡ ಬಣ್ಣ ಇಲ್ಲಿ ಹಾಸಿತ್ತು. ಮೋಡದ ನೆರಳು ಹಾದುಹೋದಂತೆ ಅದು ನೇರಳೆಯಾಗಿ, ಬಿಸಿಲು ಬಿದ್ದಂತೆ ತಿಳಿನೀಲಿಯಾಗಿ ಬದಲಾಗುತ್ತಿತ್ತು. ಹುಲ್ಲಿನ ಹಸಿರಿನ ನಡುವೆ ದನಗಳು ಮೇಯುತ್ತಿದ್ದವು. ಇಲ್ಲಿ ಈ ಹೂವಿಗೆ ಕಾಕ್ಕಪ್ಪೂವು ಎಂದು ಹೆಸರು, ಕಾಗೆಹೂ ಎಂದು ಅರ್ಥ. ಓಣಂ ರಂಗೋಲಿಗೆ ನೀಲಿ ಬಣ್ಣ ಬೇಕೆಂದರೆ ಹಳ್ಳಿಗಳಲ್ಲಿ ಇದೇ ಹೂ. ಹಿಂದೆ ಭತ್ತದ ಗದ್ದೆಗಳಲ್ಲೂ ಪೈರಿಗೆ ಸುತ್ತಿಕೊಂಡು ಅರಳುತ್ತಿತ್ತೆಂದು ಹೂ ಕೊಯ್ಯುತ್ತಿದ್ದ ಒಬ್ಬ ಅಜ್ಜಿ ನಮ್ಮೊಡನೆ ಮಲಯಾಳದಲ್ಲಿ ಹೇಳಿದರು; ಮಾವ ಅರ್ಧ ತುಳು ಅರ್ಧ ಮಲಯಾಳದಲ್ಲಿ ಉತ್ತರಿಸಿದರು. ಮೊಮ್ಮಗಳು ಪಕ್ಕದಲ್ಲಿ ನಿಂತು ಕೆಸುವಿನ ಎಲೆಯ ದೊನ್ನೆಯಲ್ಲಿ ಹೂ ತುಂಬುತ್ತಿದ್ದಳು. ಅಜ್ಜಿ ಕೊಯ್ಯುವ ಕ್ರಮವನ್ನು ನಾನು ಗಮನಿಸಿದೆ: ದಂಟನ್ನು ಎಳೆಯದೆ, ಹೂವನ್ನು ಮಾತ್ರ ಎರಡು ಉಗುರುಗಳ ನಡುವೆ ಚಿವುಟುತ್ತಿದ್ದರು, ಕೆಳಗಿನ ಮೊಗ್ಗುಗಳನ್ನು ಬಿಡುತ್ತಿದ್ದರು. ಬೇರಿಲ್ಲದ ಗಿಡವನ್ನು ಎಳೆದರೆ ಅದು ಇಡಿಯಾಗಿ ಕೈಗೆ ಬರುತ್ತದೆ, ಅಲ್ಲಿಗೆ ಬೀಜವೂ ಹೋಯಿತು. ಈ ಗಿಡ ಒಂದು ಮಳೆಗಾಲದ್ದು. ಹೂ ಉದುರಿದ ಮೇಲೆ ಎರಡು ಪುಷ್ಪಪತ್ರಗಳು ದೊಡ್ಡದಾಗಿ ಕಾಯನ್ನು ಅಂಗೈಗಳಂತೆ ಮುಚ್ಚಿಕೊಳ್ಳುತ್ತವೆ. ಕಾಯಿ ಒಡೆದು ಧೂಳಿನಂಥ ಬೀಜ ಉದುರಿ, ಮುಂದಿನ ಜೂನ್‌ವರೆಗೆ ಕಾದ ಕಲ್ಲಿನ ಮೇಲೆ ಬಿದ್ದಿರುತ್ತದೆ.

ಮಾಡಾಯಿಪಾರ ವಿಜ್ಞಾನಿಗಳಿಗೂ ಪರಿಚಿತವಾದ ಜಾಗ. ಇಲ್ಲಿ ಮೊದಲು ಗುರುತಿಸಿದ ಎರಿಯೊಕಾಲಾನ್ ಒಂದಕ್ಕೆ ‘ಮಾಡಾಯಿಪಾರೆನ್ಸೆ’ ಎಂದು ಈ ಗುಡ್ಡದ ಹೆಸರನ್ನೇ ಇಟ್ಟಿದ್ದಾರೆ. ಪಾರೆಯ ಒಂದು ಬದಿಯಲ್ಲಿ ಹಿಂದೆ ಜೇಡಿಮಣ್ಣು ತೆಗೆದ ಗಾಯ ಇನ್ನೂ ಕಾಣುತ್ತದೆ. ಊರಿನವರು ಹೋರಾಡಿ ಉಳಿಸಿಕೊಂಡ ನೆಲ ಇದು. ಆದರೂ ಮಧ್ಯಾಹ್ನ ನನ್ನ ಕಣ್ಣೆದುರಿನಲ್ಲೇ ಎರಡು ಕಾರುಗಳು ಫೋಟೊಗಾಗಿ ಮಾರ್ಗ ಬಿಟ್ಟು ಹೂವಿನ ಮೇಲೆಯೇ ಬಂದು ನಿಂತವು. ಅವು ಹೋದ ಮೇಲೆ ಚಕ್ರದ ಜಾಡಿನಲ್ಲಿ ಸ್ಕೇಲು ಇಟ್ಟು ನೋಡಿದೆವು: ಏಳು ಸೆಂಟಿಮೀಟರು ಆಳ. ಎರಡು ಸೆಂಟಿಮೀಟರಿನಲ್ಲಿ ಬಾಳುವ ಗಿಡಕ್ಕೆ ಏಳು ಮುಳುಗಡೆ, ಮತ್ತು ಜಾಡಿನುದ್ದಕ್ಕೂ ನೀರು ಹರಿದು ಪಕ್ಕದ ತಗ್ಗು ಬೇಗ ಬತ್ತುತ್ತದೆ. ನನಗೆ ಬಹಳ ನೋವಾಯಿತು, ಕಾರಿನವರೊಡನೆ ಆಗಲೇ ಮಾತಾಡದೆ ಇದ್ದದ್ದಕ್ಕೆ ಇನ್ನಷ್ಟು.

ಮಹಾರಾಷ್ಟ್ರದ ಸಾತಾರಾ ಹತ್ತಿರದ ಕಾಸ್ ಪ್ರಸ್ಥಭೂಮಿಯ ನೆನಪಾಯಿತು. ಅದೂ ಮುರಕಲ್ಲಿನದೇ, ನಮ್ಮ ಪದವುಗಳಿಗಿಂತ ಬಹಳ ಎತ್ತರದಲ್ಲಿದೆ. ಅಲ್ಲಿ ಈ ಹೂವಿನ ಒಡಹುಟ್ಟಿನಂಥ ಯುಟ್ರಿಕ್ಯುಲೇರಿಯಾ ಪರ್ಪುರಾಸೆನ್ಸ್ ಹಾಸುತ್ತದೆ. ಮರಾಠಿಗರು ಅದನ್ನು ‘ಸೀ‌ತೇಚಿ ಆಸವೆ’, ಸೀತೆಯ ಕಣ್ಣೀರು, ಎನ್ನುತ್ತಾರೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಸೇರಿತು. ಆ ಪಟ್ಟಿಯಲ್ಲಿ ಕರ್ನಾಟಕದ 10 ತಾಣಗಳಿವೆ, ಎಲ್ಲವೂ ಘಟ್ಟದವು. ಕಡಲಿಗೆ ಹತ್ತಿರದ ನಮ್ಮ ತಗ್ಗು ಪದವುಗಳು ಘಟ್ಟವೂ ಅಲ್ಲ, ಕಾಡೂ ಅಲ್ಲ, ಕಾಗದದ ಮೇಲೆ ಕೆರೆಯೂ ಅಲ್ಲ. 1971ರ ರಾಮ್ಸಾರ್ ಒಪ್ಪಂದದ ಪ್ರಕಾರ ತಾತ್ಕಾಲಿಕವಾಗಿ ನೀರು ನಿಲ್ಲುವ ನೆಲವೂ ಜೌಗು ಪ್ರದೇಶವೇ. ಆ ಅರ್ಥದಲ್ಲಿ ಇವು ವರ್ಷಕ್ಕೆ ನಾಲ್ಕು ತಿಂಗಳ ಜೌಗು.

ನಾಲ್ಕನೆಯ ದಿನ: ಹುಳಗಳ ಲೆಕ್ಕ

ಪಳಯಂಗಾಡಿಯಲ್ಲಿ ಉಳಿದು, ಬೆಳಿಗ್ಗೆ ಏಳಕ್ಕೆ ಮತ್ತೆ ಪಾರೆಗೆ ಬಂದೆವು. ಇಬ್ಬನಿ ಇನ್ನೂ ಇತ್ತು, ಹೂಗಳು ತಲೆ ತಗ್ಗಿಸಿದ್ದವು, ಒಂದು ಹುಳವೂ ಇರಲಿಲ್ಲ. ಎಂಟಾಗುತ್ತ ಬಿಸಿಲು ಓರೆಯಾಗಿ ಬಿದ್ದ ಮೇಲೆ ಮೊದಲು ತುಡುವೆಗಳು ಬಂದವು. ಮಾವ ನಾಲ್ಕು ಕಡ್ಡಿ ನೆಟ್ಟು ಒಂದು ಮೀಟರಿನ ಚೌಕ ಮಾಡಿದರು. ನಾವಿಬ್ಬರೂ ಎರಡು ಬದಿಗೆ ಕುಳಿತು ಹದಿನೈದು ನಿಮಿಷ ಎಣಿಸಿದೆವು.

ತುಡುವೆ ಹನ್ನೊಂದು ಸಲ ಬಂತು. ಹೆಜ್ಜೇನು ಎರಡು ಸಲ. ಅದರ ಭಾರಕ್ಕೆ ದಂಟು ನೀರಿನವರೆಗೆ ಬಾಗಿ, ಹುಳ ರೆಕ್ಕೆ ಬಡಿಯುತ್ತಲೇ ಹೀರಿ ಎದ್ದುಹೋಯಿತು. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುವ ಒಂಟಿ ಜೇನೊಂದು ಮೂರು ಹೂಗಳನ್ನು ಸರಸರನೆ ಮುಟ್ಟಿತು. ಅದು ಗೂಡು ಕಟ್ಟಿ ಜೇನು ಕೂಡಿಡುವ ಜಾತಿಯಲ್ಲ, ಮಣ್ಣಿನಲ್ಲಿ ಒಂದೊಂದೇ ಬಿಲ ತೋಡಿ ಮರಿಗೆ ಪರಾಗದ ಉಂಡೆ ಇಡುವಂಥದು. ಬೆರಳುಗುರಿನಷ್ಟು ಚಿಕ್ಕ ನೀಲಿ ಚಿಟ್ಟೆಯೊಂದು ಕುಳಿತು ಬಹಳ ಹೊತ್ತು ನಾಲಗೆ ಚಾಚಿಕೊಂಡೇ ಇತ್ತು, ಆದರೆ ಅದರ ಕಾಲುಗಳ ತೂಕಕ್ಕೆ ಕೆಳತುಟಿ ಅಲುಗಲೂ ಇಲ್ಲ. ಅದು ಪರಾಗ ಹೊತ್ತಂತೆ ನನಗೆ ಕಾಣಲಿಲ್ಲ. ಬಾಗಿಲು ತೆರೆಯಬಲ್ಲ ಭಾರ ಜೇನಿನದೇ. ಮಾವ ಬಹಳ ಕಾದದ್ದು ಮುಜಂಟಿಗೆ, ಅವರ ಪ್ರೀತಿಯ ಆ ಚುಚ್ಚದ ಕಿರುಜೇನಿಗೆ, ಅದು ಬರಲಿಲ್ಲ.

ಹತ್ತೂವರೆಯ ಹೊತ್ತಿಗೆ ಗಾಳಿ ಬೀಸಿ, ಏಳಿಮಲೆಯ ಕಡೆಯಿಂದ ಮಳೆಯ ಪರದೆ ಸರಿದುಬರುವುದು ಕಂಡಿತು. ಹುಳಗಳು ನಮಗಿಂತ ಮೊದಲು ಹೊರಟುಹೋದವು. ನಾವು ಮಾಡಾಯಿಕಾವಿನ ಜಗಲಿಗೆ ಓಡಿ ನಿಂತು ನೋಡುತ್ತಿದ್ದಂತೆಯೇ ಪಾರೆಯ ತಗ್ಗುಗಳು ಒಂದಕ್ಕೊಂದು ಕೂಡಿ, ಹೂಗಳು ನೀರಿನ ಮೇಲೆ ತಲೆಯಷ್ಟನ್ನೇ ಎತ್ತಿ ನಿಂತವು. ಅರ್ಧ ಗಂಟೆಯಲ್ಲಿ ಮಳೆ ನಿಂತಾಗ ನೀರು ಬಂದಷ್ಟೇ ಬೇಗ ಇಳಿಯಿತು. ಮಾವ ಸ್ಕೇಲು ಹಿಡಿದು ಮತ್ತೆ ಹೋದರು: ಎರಡೂವರೆ.

ಮಧ್ಯಾಹ್ನದ ರೈಲಿನಲ್ಲಿ ಮರಳಿ, ಸಂಜೆ ಪೆರ್ಲದ ಮನೆಯ ಜಗಲಿಯಲ್ಲಿ ಅರ್ಜಿ ಬರೆಯಲು ಕುಳಿತೆವು. ಬರೆಯುವವನು ನಾನು, ಹೇಳುವವರು ಮಾವ. ಮೊದಲ ಸಾಲಿನಲ್ಲೇ ನಾನು ‘ಅತ್ಯಂತ ಸುಂದರವಾದ ನೀಲಿ ಹೂಗಳು’ ಎಂದು ಬರೆದಿದ್ದೆ.

“ಅದು ತೆಗಿ. ಚಂದ ಉಂಟು ಅಂತ ಅವರಿಗೆ ಬಂದರೆ ಕಾಣ್ತದೆ. ನೀರು ಎಷ್ಟು ದಿನ ನಿಲ್ಲುತ್ತದೆ ಅಂತ ಬರೆ.”

ನಾನು ಹಾಳೆ ಬದಲಿಸಿದೆ. ಮಾವ ತಮ್ಮ ಪುಸ್ತಕ ತೆರೆದು ಒಂದೊಂದೇ ಹೇಳುತ್ತ ಹೋದರು: ಜೂನ್ 24ರಿಂದ ಈವರೆಗೆ ಒಂಬತ್ತು ಜಾಗಗಳಲ್ಲಿ ನೀರು ಪೂರ್ತಿ ಬತ್ತಿದ ದಿನ ಒಂದೂ ಇಲ್ಲ, ಆಳ ಒಂದೂವರೆಯಿಂದ ಹನ್ನೆರಡು ಸೆಂಟಿಮೀಟರು, ಪಾರೆಯ ಕೆಳಗೆ ಸುರಂಗ ನಾಲ್ಕು, ಬಾವಿ ಏಳು, ಮನೆ ಹದಿನಾರು, ಜೇನುಪೆಟ್ಟಿಗೆ ನನ್ನಲ್ಲಿ ಹದಿಮೂರು, ಆಚೆಮನೆಯಲ್ಲಿ ಐದು. ಕೊನೆಯಲ್ಲಿ, ಸ್ಥಳ ಪರಿಶೀಲನೆಗೆ ಬರುವವರು ದಯವಿಟ್ಟು ಸೋಣ ತಿಂಗಳಲ್ಲಿ, ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಬರಬೇಕೆಂದು ಬರೆಸಿ, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಸಹಿ ಹಾಕಿದರು.